ತರಕಾರಿ ಪಿಜ್ಜಾದ ನಡುಭಾಗ ಒದ್ದೆಯಾಗುವುದು ಯಾಕೆ?

ಪ್ರಶ್ನೆ: ಬೇಸಿಗೆ ಬಂತು, ತಾಜಾ ತರಕಾರಿ ಕೈತುಂಬ ಸಿಗುತ್ತಿದೆ. ಟೊಮೆಟೊ, ಝುಕಿನಿ, ಕ್ಯಾಪ್ಸಿಕಂ, ಬದನೆಕಾಯಿ, ಜೋಳ ಎಲ್ಲ ಹಾಕಿ ಮನೆಯಲ್ಲೇ ಪಿಜ್ಜಾ ಮಾಡುತ್ತಿದ್ದೇನೆ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಕಥೆ. ಅಂಚು ಗಟ್ಟಿ, ನಡುವೆ ಒದ್ದೆ, ಚೀಸ್ ಮೇಲೆ ನೀರು ನಿಂತಿರುತ್ತದೆ. ತುಂಡು ಎತ್ತಿದರೆ ಮೇಲಿರುವುದೆಲ್ಲ ತಟ್ಟೆಗೆ ಜಾರುತ್ತದೆ. ನನ್ನ ಓವನ್ 250 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ, ಕಾಯಿಸಿ ಮೇಲೆ ಪಿಜ್ಜಾ ಇಡುವ ಕಲ್ಲೂ ಇಲ್ಲ. ಹಿಟ್ಟು ಕಲಸುವುದರಲ್ಲೇ ತಪ್ಪಾಗುತ್ತಿದೆಯಾ?

ಉತ್ತರ: ಹಿಟ್ಟನ್ನು ದೂರಬೇಡಿ. ನೀವು ಬರೆದದ್ದು ಓದಿದರೆ ತೊಂದರೆ ಎಲ್ಲಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ, ಅದು ತರಕಾರಿಯ ನೀರು. ನಡುವೆ ಒದ್ದೆ ಇದೆ ಅಂತ ನೀವು ಇನ್ನೊಂದು ಐದು ನಿಮಿಷ ಒಳಗೆ ಬಿಟ್ಟಿರುತ್ತೀರಿ, ಆಮೇಲೆ ಇನ್ನೂ ಐದು ನಿಮಿಷ, ಅಷ್ಟರಲ್ಲಿ ಏನೂ ಹಾಕದ ಅಂಚು ಒಣಗಿ ಗಟ್ಟಿಯಾಗಿರುತ್ತದೆ. ಗಟ್ಟಿ ಅಂಚು, ಒದ್ದೆ ನಡು, ಎರಡಕ್ಕೂ ಕಾರಣ ಒಂದೇ.

ಲೆಕ್ಕ ನೋಡಿ. ಝುಕಿನಿಯಲ್ಲಿ ನೂರಕ್ಕೆ ಸುಮಾರು 95 ಭಾಗ ನೀರು. ಟೊಮೆಟೊದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕ್ಯಾಪ್ಸಿಕಂ, ಬದನೆಕಾಯಿ, ಅಣಬೆ ಇವೆಲ್ಲ 92ರ ಆಸುಪಾಸು. ಅಂದರೆ 300 ಗ್ರಾಂ ಹಸಿ ತರಕಾರಿಯನ್ನು ಪಿಜ್ಜಾ ಮೇಲೆ ಹರಡಿದರೆ ಅದರಲ್ಲಿ ಹತ್ತಿರ ಹತ್ತಿರ 280 ಗ್ರಾಂ ನೀರೇ. ಒಂದು ದೊಡ್ಡ ಲೋಟ ನೀರನ್ನು ಹಿಟ್ಟಿನ ಮೇಲೆ ಇಟ್ಟ ಹಾಗಾಯಿತು, ಅಲ್ವಾ? ಅದೆಲ್ಲ ಹೊರಗೆ ಬರುವುದಿಲ್ಲ, ಆದರೆ ಬಿಸಿ ತಗುಲಿದಾಗ ಸಾಕಷ್ಟು ಬರುತ್ತದೆ. ಇನ್ನೊಂದು ವಿಷಯ. ನೀರು ನಿಂತಿರುವ ಜಾಗದ ಬಿಸಿ 100 ಡಿಗ್ರಿ ದಾಟುವುದಿಲ್ಲ, ನೀರು ಆವಿಯಾಗುವುದಕ್ಕೇ ಆ ಬಿಸಿಯೆಲ್ಲ ಖರ್ಚಾಗುತ್ತದೆ. ಹಿಟ್ಟು ಚೆನ್ನಾಗಿ ಕೆಂಪಗಾಗಿ ಸುವಾಸನೆ ಬರಬೇಕಾದರೆ 140 ಡಿಗ್ರಿಯಾದರೂ ಬೇಕು. ಹಾಗಾಗಿ ಓವನ್ ಒಳಗೆ 250 ಇದ್ದರೂ ನಿಮ್ಮ ಪಿಜ್ಜಾದ ನಡುಭಾಗ ಮಾತ್ರ ಕುದಿಯುವ ನೀರಿನಲ್ಲಿ ಬೇಯುತ್ತಿರುತ್ತದೆ.

ಇಟಲಿಯ ನೇಪಲ್ಸ್‌ನ ಪಿಜ್ಜಾ ಒಲೆ ನೆನಪಿಸಿಕೊಳ್ಳಿ. ಅಲ್ಲಿ ಸೌದೆ ಒಲೆಯ ಬಿಸಿ 430ರಿಂದ 480 ಡಿಗ್ರಿ ಇರುತ್ತದೆ, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಆಗಿಹೋಗುತ್ತದೆ. ಅಂಥ ಬೆಂಕಿ ಇದ್ದರೂ ಅವರು ಮೇಲೆ ಹಾಕುವುದು ಮೂರು ನಾಲ್ಕು ಪದಾರ್ಥ ಮಾತ್ರ. ಅಲ್ಲಿನ ಮರಿನಾರಾ ಪಿಜ್ಜಾಕ್ಕೆ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ, ಅಷ್ಟೇ, ಚೀಸ್ ಕೂಡ ಇಲ್ಲ. 2017ರಲ್ಲಿ ಯುನೆಸ್ಕೊ ನೇಪಲ್ಸ್‌ನ ಪಿಜ್ಜಾ ಮಾಡುವವರ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕಲೆಯಲ್ಲಿ ಎಷ್ಟು ಕಡಿಮೆ ಹಾಕಬೇಕು ಅನ್ನುವ ತಿಳಿವಳಿಕೆಯೂ ಸೇರಿದೆ ಅಂತ ನನಗೆ ಅನಿಸುತ್ತದೆ. ನಮ್ಮ ಮನೆ ಓವನ್‌ನ ಬಿಸಿ ಅದರ ಅರ್ಧದಷ್ಟು. ನಾವು ಐದು ತರಕಾರಿ ಹಸಿಯಾಗಿ ಹಾಕಿದರೆ ಹೇಗೆ ಬೇಯಬೇಕು ಹೇಳಿ.

ಹಾಗಾದರೆ ಮಾಡಬೇಕಾದ್ದು ಇಷ್ಟೇ: ನೀರನ್ನು ಪಿಜ್ಜಾ ಮೇಲೆ ಬಿಡಿಸಬೇಡಿ, ಅದಕ್ಕೂ ಮೊದಲೇ ಬಿಡಿಸಿ. ಪ್ರತಿ ತರಕಾರಿಗೂ ಅದರದೇ ದಾರಿ ಇದೆ.

ಮೊದಲು ಟೊಮೆಟೊ, ಯಾಕೆಂದರೆ ಬೇಸಿಗೆ ಪಿಜ್ಜಾದ ಜೀವವೇ ಅದು. ಪೂರ್ತಿ ಹಣ್ಣಾದದ್ದನ್ನೇ ತೆಗೆದುಕೊಳ್ಳಿ, ಫ್ರಿಜ್ಜಿನಲ್ಲಿ ಇಡಬೇಡಿ. ಹೆಚ್ಚು ತಣ್ಣಗಾದರೆ ಟೊಮೆಟೊದ ವಾಸನೆ ಕುಂದುತ್ತದೆ, ಹೊರಗೆ ತೆಗೆದಿಟ್ಟರೂ ಪೂರ್ತಿ ವಾಪಸ್ ಬರುವುದಿಲ್ಲ. ಸಾಸ್‌ಗೆ ಉದ್ದನೆಯ, ಗಟ್ಟಿ ತಿರುಳಿನ ಟೊಮೆಟೊ ಒಳ್ಳೆಯದು, ಅದರಲ್ಲಿ ರಸ ಕಡಿಮೆ. ಅರ್ಧಕ್ಕೆ ಕತ್ತರಿಸಿ, ಕತ್ತರಿಸಿದ ಬದಿಯನ್ನು ತುರಿಮಣೆಯ ದೊಡ್ಡ ತೂತುಗಳ ಮೇಲೆ ಉಜ್ಜಿ. ತಿರುಳೆಲ್ಲ ಕೆಳಗೆ ಬೀಳುತ್ತದೆ, ಸಿಪ್ಪೆ ಮಾತ್ರ ಅಂಗೈಯಲ್ಲಿ ಉಳಿಯುತ್ತದೆ. ಕುದಿಸಿ ಸಿಪ್ಪೆ ಸುಲಿಯುವ ರಗಳೆಯೇ ಇಲ್ಲ. ಅರ್ಧ ಕಿಲೋ ಟೊಮೆಟೊಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ ಸಣ್ಣ ಕಣ್ಣಿನ ಜರಡಿಯಲ್ಲಿ ಅರ್ಧ ಗಂಟೆ ಬಿಡಿ. ಕೆಳಗೆ ತಿಳಿಯಾದ ರಸ ಇಳಿಯುತ್ತದೆ, ಮೇಲೆ ದಪ್ಪ ತಿರುಳು ಉಳಿಯುತ್ತದೆ.

ಆ ರಸವನ್ನು ದಯವಿಟ್ಟು ಚೆಲ್ಲಬೇಡಿ. ಟೊಮೆಟೊ ಬೀಜದ ಸುತ್ತ ಇರುತ್ತದಲ್ಲ ಲೋಳೆಯಂಥ ಭಾಗ, ರುಚಿ ಅಲ್ಲೇ ಜಾಸ್ತಿ. ನಾಲಿಗೆಗೆ ತುಂಬಿಕೊಂಡಂಥ ಆ ರುಚಿ ಕೊಡುವ ಗ್ಲುಟಮೇಟ್ ಗಟ್ಟಿ ತಿರುಳಿಗಿಂತ ಲೋಳೆಯಲ್ಲಿ ಹೆಚ್ಚಿದೆ. ಬಹಳ ಜನ ನೀರು ಜಾಸ್ತಿ ಅಂತ ಬೀಜದ ಭಾಗವನ್ನೇ ಬಗೆದು ಎಸೆಯುತ್ತಾರೆ, ಆಮೇಲೆ ಸಾಸ್ ಸಪ್ಪೆ ಅಂತ ಸಕ್ಕರೆ ಹಾಕುತ್ತಾರೆ. ಅದರ ಬದಲು ಇಳಿದ ರಸವನ್ನು ಸಣ್ಣ ಪಾತ್ರೆಯಲ್ಲಿ ಕುದಿಸಿ. ಹತ್ತು ನಿಮಿಷ ಆಗುತ್ತಲೇ ಗುಳ್ಳೆಗಳು ಸಣ್ಣವಿದ್ದದ್ದು ದೊಡ್ಡದಾಗುತ್ತವೆ, ಪಾತ್ರೆಯ ಅಂಚಿನಲ್ಲಿ ಕೆಂಪು ಗೆರೆ ಕೂರುತ್ತದೆ, ಚಮಚ ಎಳೆದರೆ ತಳ ಒಂದು ಕ್ಷಣ ಕಾಣುತ್ತದೆ. ಎರಡು ಚಮಚದಷ್ಟಕ್ಕೆ ಇಳಿದಾಗ ತೆಗೆದು ತಿರುಳಿಗೆ ಸೇರಿಸಿ. ನೀರು ಹೋಯಿತು, ರುಚಿ ಉಳಿಯಿತು. ಉಪ್ಪು ಅದರಲ್ಲೇ ಇದೆ, ಮತ್ತೆ ಹಾಕಬೇಡಿ. ಬೆರಳಲ್ಲಿ ಹಿಸುಕಿದ ಒಂದು ಎಸಳು ಬೆಳ್ಳುಳ್ಳಿ, ಒಂದು ಚಮಚ ಆಲಿವ್ ಎಣ್ಣೆ, ಸಾಸ್ ಮುಗಿಯಿತು. ಇದನ್ನು ಮತ್ತೆ ಬೇಯಿಸುವ ಅಗತ್ಯ ಇಲ್ಲ, ಓವನ್‌ನಲ್ಲಿ ಹೇಗೂ ಬೇಯುತ್ತದೆ, ಹಸಿ ಟೊಮೆಟೊದ ತಾಜಾತನ ಹಾಗೇ ಸಿಗುತ್ತದೆ.

ಸಾಸ್ ಮೇಲೆ ಮತ್ತೆ ಟೊಮೆಟೊ ಬಿಲ್ಲೆ ಬೇಕು ಅನಿಸಿದರೆ ಚೆರ್ರಿ ಟೊಮೆಟೊ ಸಾಕು. ಅರ್ಧ ಮಾಡಿ, ಕತ್ತರಿಸಿದ ಬದಿ ಮೇಲೆ ಬರುವಂತೆ ಟ್ರೇನಲ್ಲಿ ಜೋಡಿಸಿ 150 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟರೆ ಅವು ಕುಗ್ಗಿ ಅಂಟಂಟಾಗಿ ಸಿಹಿಯಾಗುತ್ತವೆ. ಇಷ್ಟೆಲ್ಲ ಬೇಡ ಅಂದರೆ ಪಿಜ್ಜಾ ಹೊರಗೆ ಬಂದ ಮೇಲೆ ಹಸಿಯಾಗಿಯೇ ಉದುರಿಸಿ, ಅದೂ ಚೆನ್ನಾಗಿರುತ್ತದೆ.

ಇನ್ನು ಝುಕಿನಿ. ನನಗೆ ನೀರಿನ ಪಾಠ ಕಲಿಸಿದ್ದೇ ಇದು. ಅರ್ಧ ಕಿಲೋ ಝುಕಿನಿಯನ್ನು ದಪ್ಪಗೆ ತುರಿದು, ಒಂದು ಚಮಚ ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ಇಡಿ. ಮೊದಲು ಏನೂ ಆಗಿಲ್ಲ ಅನಿಸುತ್ತದೆ. ಆಮೇಲೆ ಒಂದು ತೆಳು ಬಟ್ಟೆಗೆ ಸುರಿದು, ತುದಿಗಳನ್ನು ಸೇರಿಸಿ ಗಂಟಿನಂತೆ ತಿರುಚುತ್ತಾ ಹೋಗಿ. ಮೊದಲ ಹಿಂಡಿಗೆ ಹಸಿರು ನೀರು ಧಾರೆಯಾಗಿ ಬರುತ್ತದೆ, ನಿಂತಿತು ಅಂದುಕೊಂಡು ಬಟ್ಟೆ ಬಿಚ್ಚಿ ಕೆದಕಿ ಮತ್ತೆ ತಿರುಚಿದರೆ ಇನ್ನೊಮ್ಮೆ ಬರುತ್ತದೆ. ಬೋಗುಣಿ ತುಂಬ ಇದ್ದ ತುರಿ ಒಂದು ಮುಷ್ಟಿಯಲ್ಲಿ ಹಿಡಿಸುವ ಉಂಡೆಯಾಗುತ್ತದೆ. ಒಂದು ಸಲ ಕೈಯಾರೆ ಹಿಂಡಿ ನೋಡಿದರೆ ಮುಂದೆ ನೀವು ಹಸಿ ಝುಕಿನಿ ಬಿಲ್ಲೆಗಳನ್ನು ಹಿಟ್ಟಿನ ಮೇಲೆ ಜೋಡಿಸಲು ಹೋಗುವುದೇ ಇಲ್ಲ. ಹಿಂಡಿದ ತುರಿಯನ್ನು ಒಂದು ಚಮಚ ಎಣ್ಣೆಯಲ್ಲಿ ಕಲಸಿ, ಸ್ವಲ್ಪ ಚೀಸ್ ಸೇರಿಸಿ ಪಿಜ್ಜಾ ಮೇಲೆ ತೆಳ್ಳಗೆ ಹರಡಿದರೆ ತುದಿಗಳು ಕೆಂಪಗೆ ಗರಿಗರಿಯಾಗುತ್ತವೆ. ಟೊಮೆಟೊ ಸಾಸೇ ಇಲ್ಲದೆ ಬರೀ ಝುಕಿನಿ ಪಿಜ್ಜಾ ಮಾಡಿ ನೋಡಿ, ನನಗೆ ಬೇಸಿಗೆಯಲ್ಲಿ ಅದೇ ಎಲ್ಲಕ್ಕಿಂತ ಇಷ್ಟ. ಉಪ್ಪು ಜಾಸ್ತಿ ಆಗುತ್ತದೆ ಅಂತ ಹೆದರಬೇಡಿ, ಬಹುಪಾಲು ನೀರಿನ ಜೊತೆ ಹೊರಟುಹೋಗುತ್ತದೆ. ಆದರೂ ಹಿಂಡಿದ ಮೇಲೆ ಒಂದು ಎಳೆ ಬಾಯಿಗೆ ಹಾಕಿ ನೋಡಿಕೊಳ್ಳಿ.

ಬದನೆಕಾಯಿಗೆ ಉಪ್ಪಿಗಿಂತ ಬೆಂಕಿ ಒಳ್ಳೆಯದು. ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ, ಎರಡೂ ಬದಿಗೆ ಎಣ್ಣೆ ಸವರಿ 220 ಡಿಗ್ರಿಯಲ್ಲಿ 20-25 ನಿಮಿಷ ಹುರಿದಿಡಿ. ಹಸಿ ಬದನೆಕಾಯಿ ಪಿಜ್ಜಾ ಬೇಯುವ ಹತ್ತು ನಿಮಿಷದಲ್ಲಿ ಖಂಡಿತ ಬೇಯುವುದಿಲ್ಲ, ಹಲ್ಲಿಗೆ ಸ್ಪಂಜಿನ ಹಾಗೆ ಸಿಗುತ್ತದೆ. ಕ್ಯಾಪ್ಸಿಕಂ ಕೆಂಪು ಅಥವಾ ಹಳದಿ ಆಗಿದ್ದರೆ ನೇರ ಉರಿಯಲ್ಲಿ ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು, ಹತ್ತು ನಿಮಿಷ ಮುಚ್ಚಿಟ್ಟು ಸಿಪ್ಪೆ ತೆಗೆದು ಸೀಳಿಕೊಳ್ಳಿ. ತೊಳೆಯಬೇಡಿ, ಸುಟ್ಟ ರುಚಿ ನೀರಿನಲ್ಲಿ ಹೋಗಿಬಿಡುತ್ತದೆ. ಅಣಬೆಯನ್ನು ಎಣ್ಣೆ ಇಲ್ಲದ ಬಿಸಿ ಬಾಣಲೆಗೆ ಹಾಕಿ ನೀರು ಬಿಟ್ಟು ಆರುವವರೆಗೆ ಬಾಡಿಸಿ, ಎಣ್ಣೆ ಉಪ್ಪು ಆಮೇಲೆ. ಪಾಲಕ್‌ನಂಥ ಸೊಪ್ಪಾದರೆ ಬಾಡಿಸಿ ಹಿಂಡಿ. ಈರುಳ್ಳಿ ಸಾಧ್ಯವಾದಷ್ಟು ತೆಳ್ಳಗೆ ಕತ್ತರಿಸಿ ಎಣ್ಣೆಯಲ್ಲಿ ಕಲಸಿ ಹಾಕಿದರೆ ಸಾಕು.

ಜೋಳಕ್ಕೆ ನೀರಿನ ಚಿಂತೆ ಕಡಿಮೆ, ಸಮಯದ ಚಿಂತೆ ಜಾಸ್ತಿ. ತೆನೆ ಕಿತ್ತ ಕ್ಷಣದಿಂದ ಅದರ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ, ಹಾಗಾಗಿ ತಂದ ದಿನವೇ ಬಳಸಿ. ತೆನೆಯನ್ನು ನೆಟ್ಟಗೆ ನಿಲ್ಲಿಸಿ ಚಾಕು ಮೇಲಿನಿಂದ ಕೆಳಗೆ ಇಳಿಸಿ ಕಾಳು ಬಿಡಿಸಿ. ಬಾಣಲೆ ಚೆನ್ನಾಗಿ ಕಾದ ಮೇಲೆ ಮೂರು ನಾಲ್ಕು ನಿಮಿಷ ದೊಡ್ಡ ಉರಿಯಲ್ಲಿ ಹುರಿಯಿರಿ, ಅಲ್ಲಲ್ಲಿ ಕಂದು ಚುಕ್ಕೆ ಬಂದರೆ ಆಯಿತು. ಒಂದೆರಡು ಕಾಳು ಸಿಡಿಯುತ್ತವೆ, ಮುಖ ಸ್ವಲ್ಪ ದೂರ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿಯೂ ನಡುಭಾಗ ಒದ್ದೆ ಆಗುತ್ತಿದ್ದರೆ ಚೀಸ್ ನೋಡಿ. ನೀರಿನಲ್ಲಿ ಮುಳುಗಿಸಿಟ್ಟು ಮಾರುವ ತಾಜಾ ಮೊಝರೆಲ್ಲಾ ತುಂಬ ರುಚಿ, ಆದರೆ ಅದು ಹಾಲಿನಂಥ ನೀರು ಬಿಡುತ್ತದೆ. ಸಣ್ಣ ಸಣ್ಣದಾಗಿ ಹರಿದು, ಬಟ್ಟೆಯ ಮೇಲೆ ಹರಡಿ ಫ್ರಿಜ್ಜಿನಲ್ಲಿ ಎರಡು ಮೂರು ಗಂಟೆ ಇಟ್ಟು ಬಳಸಿ. ಇಲ್ಲವೇ ಗಟ್ಟಿಯಾದ, ನೀರು ಕಡಿಮೆ ಇರುವ ಮೊಝರೆಲ್ಲಾ ತುರಿದು ಹಾಕಿ. ಮನೆ ಓವನ್‌ಗೆ ಇದೇ ಸರಿ ಅಂತ ನಾನು ಹೇಳುತ್ತೇನೆ. ತುರಿದೇ ಮಾರುವ ಪೊಟ್ಟಣ ಬೇಡ, ತುರಿ ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಪಿಷ್ಟದ ಪುಡಿ ಹಾಕಿರುತ್ತಾರೆ, ಅದು ನುಣ್ಣಗೆ ಕರಗುವುದಿಲ್ಲ.

ಹಿಟ್ಟಿನ ಬಗ್ಗೆ ಕೇಳಿದ್ದೀರಿ, ಅದನ್ನೂ ಹೇಳಿಬಿಡುತ್ತೇನೆ. 500 ಗ್ರಾಂ ಬ್ರೆಡ್ ಹಿಟ್ಟು (ಪ್ರೋಟೀನ್ ಹೆಚ್ಚಿರುವ ಮೈದಾ), 325 ಗ್ರಾಂ ನೀರು, 10 ಗ್ರಾಂ ಉಪ್ಪು, ಅರ್ಧ ಟೀ ಚಮಚ ಇನ್‌ಸ್ಟಂಟ್ ಈಸ್ಟ್. ಮಾಮೂಲಿ ಮೈದಾ ಆದರೆ ಅದು ಅಷ್ಟು ನೀರು ಹಿಡಿಯುವುದಿಲ್ಲ, 300 ಗ್ರಾಂಗೆ ಇಳಿಸಿ. ಎಲ್ಲ ಸುಮ್ನೆ ಬೆರೆಸಿ 20 ನಿಮಿಷ ಬಿಟ್ಟು ಆಮೇಲೆ ನಾದಿ, ಐದಾರು ನಿಮಿಷ ಸಾಕು. ಇದರಲ್ಲಿ 30 ಸೆಂಟಿಮೀಟರ್ ಅಗಲದ ಮೂರು ಪಿಜ್ಜಾ ಆಗುತ್ತದೆ. ಬೇಸಿಗೆಯಲ್ಲಿ ಜನ ತಪ್ಪುವುದು ಹುದುಗುವ ಸಮಯದಲ್ಲಿ. ಸೆಕೆಯಲ್ಲಿ ಈಸ್ಟ್ ಬಹಳ ಚುರುಕು. ಪುಸ್ತಕದಲ್ಲಿ ಎರಡು ಗಂಟೆ ಅಂತಿದ್ದರೆ ನಿಮ್ಮ ಅಡುಗೆಮನೆಯಲ್ಲಿ ಒಂದೇ ಗಂಟೆಗೆ ಉಬ್ಬಿಬಿಡಬಹುದು, ಗಡಿಯಾರ ನೋಡುತ್ತಾ ಕೂತರೆ ಹಿಟ್ಟು ಹುಳಿಯಾಗಿ ಜೋಲುತ್ತದೆ. ಬೆಚ್ಚಗಿನ ನೀರು ಬೇಡ, ಫ್ರಿಜ್ಜಿನ ತಣ್ಣೀರಲ್ಲೇ ಕಲಸಿ. ಸ್ವಲ್ಪ ಉಬ್ಬಿದ ತಕ್ಷಣ ಮೂರು ಉಂಡೆ ಮಾಡಿ ಎಣ್ಣೆ ಸವರಿ ಮುಚ್ಚಿ ಫ್ರಿಜ್ಜಿಗೆ ಸೇರಿಸಿ. ಒಂದು ದಿನ ಇಟ್ಟರೆ ಒಳ್ಳೆಯದು, ಎರಡು ದಿನ ಇಟ್ಟರೆ ಇನ್ನೂ ಒಳ್ಳೆಯದು. ತಟ್ಟುವ ಮುಂಚೆ ಮುಕ್ಕಾಲು ಗಂಟೆ ಹೊರಗಿಡಿ. ತಟ್ಟುವಾಗ ಲಟ್ಟಣಿಗೆ ಮುಟ್ಟಬೇಡಿ, ಒಳಗಿನ ಗಾಳಿಯೆಲ್ಲ ಹೋಗುತ್ತದೆ. ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋಗಿ, ಅಂಚನ್ನು ಮಾತ್ರ ಒತ್ತದೆ ಬಿಡಿ. ಎಳೆದಷ್ಟೂ ವಾಪಸ್ ಕುಗ್ಗುತ್ತಿದೆಯಾ? ಜಗಳ ಬೇಡ, ಒಂದು ಬಟ್ಟೆ ಮುಚ್ಚಿ ಹದಿನೈದು ನಿಮಿಷ ಬಿಟ್ಟುಬಿಡಿ, ತಾನಾಗಿ ಸಡಿಲವಾಗುತ್ತದೆ.

ಕಲ್ಲು ಇಲ್ಲ ಅಂದಿರಲ್ಲ, ಬೇಡವೇ ಬೇಡ. ಮನೆಯಲ್ಲಿರುವ ಅತ್ಯಂತ ಭಾರದ ಟ್ರೇಯನ್ನು ಬೋರಲು ಹಾಕಿ ಓವನ್‌ನ ಕೆಳಗಿನ ಹಂತದಲ್ಲಿಟ್ಟು 250 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ. ಓವನ್ ದೀಪ ಹತ್ತು ನಿಮಿಷಕ್ಕೇ ಆರಬಹುದು, ಅದು ಒಳಗಿನ ಗಾಳಿ ಕಾದಿದೆ ಅಂತ ಹೇಳುತ್ತದೆ ಅಷ್ಟೇ, ಕಬ್ಬಿಣ ಕಾಯುವುದಕ್ಕೆ ಇನ್ನೂ ಹೊತ್ತು ಬೇಕು. ಹಿಟ್ಟನ್ನು ಬೇಕಿಂಗ್ ಪೇಪರ್ ಮೇಲೆ ತಟ್ಟಿಕೊಂಡರೆ ಹಾಗೇ ಜಾರಿಸಿ ಇಡಬಹುದು. ಹೊರಗೆ ಚಾಚಿದ ಪೇಪರನ್ನು ಕತ್ತರಿಸಿ, ಮತ್ತೆ ಪೊಟ್ಟಣದ ಮೇಲೆ ಅದು ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಬರೆದಿರುತ್ತದೆ, ನೋಡಿಕೊಳ್ಳಿ. 250 ತಡೆಯದಿದ್ದರೆ ಪೇಪರ್ ಬಿಟ್ಟು, ಇನ್ನೊಂದು ತಟ್ಟೆಗೆ ರವೆ ಉದುರಿಸಿ ಅದರಿಂದ ಜಾರಿಸಿ.

ಈಗ ಮುಖ್ಯವಾದ ಮಾತು. ಎಲ್ಲವನ್ನೂ ಒಟ್ಟಿಗೆ ಇಟ್ಟು ಬೇಯಿಸಬೇಡಿ. ಮೊದಲು ಬರೀ ಸಾಸ್ ಸವರಿ ನಾಲ್ಕು ನಿಮಿಷ ಒಳಗೆ ಕಳಿಸಿ. ತಳ ಗಟ್ಟಿಯಾಗಿ ಸಾಸ್ ಸ್ವಲ್ಪ ಒಣಗುತ್ತದೆ. ಹೊರಗೆ ತೆಗೆದು ಚೀಸ್ ಹಾಕಿ, ಚೀಸ್ ಮೇಲೆ ತರಕಾರಿ. ಈ ಕ್ರಮ ತಪ್ಪಿಸಬೇಡಿ. ತರಕಾರಿ ಚೀಸ್ ಕೆಳಗಿದ್ದರೆ ಹೊರಬರುವ ಆವಿಗೆ ದಾರಿ ಇಲ್ಲ, ಮತ್ತೆ ನೀರಾಗಿ ಹಿಟ್ಟಿಗೇ ಇಳಿಯುತ್ತದೆ. ಮೇಲಿದ್ದರೆ ಆವಿ ಹಾರಿಹೋಗುತ್ತದೆ, ತುದಿಗಳು ಕೆಂಪಗಾಗುತ್ತವೆ. ಮತ್ತೆ ಆರೆಂಟು ನಿಮಿಷ, ಅಂಚಿನಲ್ಲಿ ಕಪ್ಪು ಚುಕ್ಕೆ ಕಾಣಿಸುವವರೆಗೆ.

ಎಷ್ಟು ಹಾಕಬೇಕು ಅಂದರೆ, 30 ಸೆಂಟಿಮೀಟರ್ ಪಿಜ್ಜಾಕ್ಕೆ ಸಾಸ್ 70-80 ಗ್ರಾಂ, ಚೀಸ್ 100 ಗ್ರಾಂ, ಹುರಿದ ತರಕಾರಿ ಹೆಚ್ಚೆಂದರೆ 150 ಗ್ರಾಂ. ಸಾಸ್ ಕೆಳಗೆ ಅಲ್ಲಲ್ಲಿ ಹಿಟ್ಟು ಕಾಣುತ್ತಿರಬೇಕು. ನೋಡುವಾಗ ಖಾಲಿ ಖಾಲಿ ಅನಿಸುತ್ತದೆ, ನನಗೂ ಕೈ ತಡೆಯುವುದು ಕಷ್ಟವೇ, ಅದೂ ಬೇಸಿಗೆಯಲ್ಲಿ ಮೇಜಿನ ಮೇಲೆ ಅಷ್ಟು ಬಣ್ಣ ಇರುವಾಗ. ಒಂದು ಪಿಜ್ಜಾಕ್ಕೆ ಎರಡು ತರಕಾರಿ ಅಂತ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಐದಿದೆ, ಹಿಟ್ಟಿನ ಉಂಡೆ ಮೂರಿದೆ. ಮೊದಲನೆಯದಕ್ಕೆ ಟೊಮೆಟೊ ಸಾಸ್, ಬದನೆಕಾಯಿ. ಎರಡನೆಯದಕ್ಕೆ ಸಾಸ್ ಇಲ್ಲದೆ ಝುಕಿನಿ, ಕೊನೆಯಲ್ಲಿ ಸ್ವಲ್ಪ ನಿಂಬೆ ಸಿಪ್ಪೆಯ ತುರಿ. ಮೂರನೆಯದಕ್ಕೆ ಜೋಳ, ಸುಟ್ಟ ಕ್ಯಾಪ್ಸಿಕಂ, ಒಂದು ಹಸಿಮೆಣಸಿನಕಾಯಿ ತೆಳ್ಳಗೆ ಸೀಳಿ. ಒಂದೊಂದು ತರಕಾರಿಯ ರುಚಿಯೂ ಬೇರೆ ಬೇರೆಯಾಗಿ ಗೊತ್ತಾಗುತ್ತದೆ.

ಬೇಸಿಲ್ ಎಲೆ ಓವನ್ ಒಳಗೆ ಹೋಗಬಾರದು, ಕಪ್ಪಾಗಿ ಹುಲ್ಲಿನಂತಾಗುತ್ತದೆ. ಪಿಜ್ಜಾ ಹೊರಗೆ ಬಂದ ಕೂಡಲೇ ಕೈಯಲ್ಲಿ ಹರಿದು ಹಾಕಿ, ಆ ಬಿಸಿಗೆ ಘಮ್ ಅಂತ ವಾಸನೆ ಏಳುತ್ತದೆ. ಕೊನೆಗೆ ನಾಲ್ಕು ಹನಿ ಆಲಿವ್ ಎಣ್ಣೆ.

ಇನ್ನೊಂದು ಸಣ್ಣ ವಿಷಯ ಇದೆ, ಬಹಳ ಜನ ಇಲ್ಲೇ ಎಡವುತ್ತಾರೆ. ಓವನ್‌ನಿಂದ ತೆಗೆದ ಪಿಜ್ಜಾವನ್ನು ನೇರ ತಟ್ಟೆಗೆ ಹಾಕಬೇಡಿ. ತಳದಿಂದ ಬರುವ ಆವಿ ತಟ್ಟೆಗೂ ಹಿಟ್ಟಿಗೂ ನಡುವೆ ಸಿಕ್ಕಿಕೊಂಡು, ಅಷ್ಟು ಕಷ್ಟಪಟ್ಟು ಗರಿಗರಿ ಮಾಡಿದ ತಳ ಎರಡೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ತಂತಿಯ ಜಾಲರಿ ಮೇಲೆ ಎರಡು ಮೂರು ನಿಮಿಷ ಇಟ್ಟು, ಚೀಸ್ ಸ್ವಲ್ಪ ಕೂತ ಮೇಲೆ ಕತ್ತರಿಸಿ. ಉಳಿದರೆ ಮರುದಿನ ಮೈಕ್ರೋವೇವ್ ಬೇಡ. ಎಣ್ಣೆ ಹಾಕದ ಬಾಣಲೆಯಲ್ಲಿ ಸಣ್ಣ ಉರಿ ಇಟ್ಟು, ಮೊದಲೆರಡು ನಿಮಿಷ ಮುಚ್ಚಿ, ಚೀಸ್ ಕರಗಿದ ಮೇಲೆ ಮುಚ್ಚಳ ತೆಗೆದು ಇನ್ನೊಂದು ನಿಮಿಷ ಬಿಡಿ.